ಕುಡಿಯೋ ಮಗ್ಗುಲು, ಉಗಿಯೋ ಮಗ್ಗುಲು

ಸಾತನೂರಿನ ಕಡೆ ನಮ್ಮ ಗುಡ್ಡಕ್ಕೆ ಇನ್ನೂ ಎರಡು ಮಗ್ಗುಲಿದ್ದ ಕಾಲ. ನಾನಾಗ ಐದನೇ ಕ್ಲಾಸು, ಊರಿಗೆಲ್ಲ ದೊಡ್ಡ ವಿಜ್ಞಾನಿ. ಹಾಗಂತ ನಾನೇ ಹೇಳಿಕೊಂಡಿದ್ದೆ.

ತೆಂಕಲು ಕಡೆಯದನ್ನು ತಾತ ‘ಉಗಿಯೋ ಮಗ್ಗುಲು’ ಅನ್ನುತ್ತಿದ್ದರು. ಬಿಸಿಲು ಬಡಿದು ಬಡಿದು ಅಲ್ಲಿ ನೆಲ ರೊಟ್ಟಿ ಹಂಚಿನಂತಾಗಿತ್ತು. ಮಳೆ ಬಿದ್ದರೆ ನೀರು ಒಳಗಿಳಿಯದೆ ಓಡಿಹೋಗುತ್ತಿತ್ತು. ಬಡಗಲು ಕಡೆಯದು ‘ಕುಡಿಯೋ ಮಗ್ಗುಲು’. ನೆರಳು, ಹುಲ್ಲು, ಸೀತಾಫಲದ ಗಿಡ, ಕೊಳೆತ ಎಲೆಯ ವಾಸನೆ. ಅದರ ಬುಡದಲ್ಲೇ ನಮ್ಮ ಬಾವಿ. ನಮ್ಮ ಹಿಪ್ಪುನೇರಳೆ, ರೇಷ್ಮೆಹುಳ, ಮನೆ ಎಲ್ಲ ಬದುಕಿದ್ದುದು ಆ ನೀರಿನಲ್ಲಿ.

ಅಲ್ಲಲ್ಲಿ ಒಂದೊಂದು ಚೊಂಬು ನೀರು ಸುರಿದು, ಇಂಗುವವರೆಗೂ ಎಣಿಸುವುದು ನಮ್ಮ ಆಟ. ಬಡಗಲು ಬುಡದಲ್ಲಿ ಹತ್ತು ಎಣಿಸುವಷ್ಟರಲ್ಲಿ ನೀರು ಮಾಯ. ನೆತ್ತಿಯ ಹತ್ತಿರ ಮೂವತ್ತಾಗುತ್ತಿತ್ತು. ತೆಂಕಲಲ್ಲಿ ನಾನು ಸುರಿದ ನೀರು ಬಸ್ಸಿಗಿಂತ ಮೊದಲು ಕನಕಪುರ ಸೇರಿತೆಂದು ಕ್ಲಾಸಿನಲ್ಲಿ ಆಣೆ ಮಾಡಿದ್ದೆ.

ಒಂದು ದಿನ ಜೀಪಿನಲ್ಲಿ ಟೋಪಿಯವರೊಬ್ಬರು ಬಂದರು. ಆಚೆ ಕಟ್ಟುತ್ತಿದ್ದ ಫ್ಯಾಕ್ಟರಿಯ ತಗ್ಗು ತುಂಬಿಸಲು ಅವರಿಗೆ ಮಣ್ಣು ಬೇಕಿತ್ತು.

“ಯಾವ ಕಡೆ ಅಗೆಯೋದು ಸುಲಭ, ಮರಿ?”

ಕೇಳಿದ್ದು ನನ್ನನ್ನು! ಚೊಂಬು ತಂದೆ. ಬಡಗಲಲ್ಲಿ ಸುರಿದು, ನೀರು ಇಂಗಿದಲ್ಲಿ ಬೆರಳು ಚುಚ್ಚಿದೆ.

“ನೋಡಿ ಸಾರ್, ಬೆಣ್ಣೆ ಇದ್ದಂಗೈತೆ! ಆ ಕಡೀಕೆ ಹೋದ್ರೆ ನಿಮ್ ಜೆಸಿಬಿ ಹಲ್ಲೆಲ್ಲಾ ಉದುರೋಯ್ತವೆ!”

ಅವರು ನಕ್ಕು ಬಿಸ್ಕೆಟ್ ಪೊಟ್ಟಣ ಕೊಟ್ಟರು. ಮನೆಗೆ ಬಂದು ತಾತನಿಗೂ ಒಂದು ಕೊಟ್ಟೆ, ಕಥೆ ಸಮೇತ.

ತಾತ ಬಿಸ್ಕೆಟ್ ಕೆಳಗಿಟ್ಟರು. “ಬಡ್ಡೆತ್ತದೇ, ಆ ಮಣ್ಣು ಕುಡ್ದಿದ್ದೇ ಒಸಿ ಒಸಿಯಾಗಿ ಬಾವಿಗೆ ಬರೋದು ಕಣ್ಲಾ.”

ಬೆಳಿಗ್ಗೆ ಹೋಗಿ ಟೋಪಿಯವರಿಗೆ ಕೈಮುಗಿದರು. “ಆ ಮಗ್ಗುಲು ಅಗೀರಿ ಸ್ವಾಮಿ, ಇದೊಂದ ಬುಟ್ಬುಡಿ.”

“ನಿಮ್ಮ ಮೊಮ್ಮಗನೇ ತೋರಿಸಿದ್ದಲ್ವಾ ಯಜಮಾನ್ರೇ?”

ತಾತ ಮುಗಿದ ಕೈ ಇಳಿಸಿ ಮನೆ ಕಡೆ ತಿರುಗಿದರು. ಜೆಸಿಬಿ ಬಡಗಲಿಗೇ ಇಳಿಯಿತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾವಿ ಬತ್ತಿತು. ಹಿಪ್ಪುನೇರಳೆ ಒಣಗಿತು. ಹುಳ ಗೂಡು ಕಟ್ಟುತ್ತಿದ್ದ ಬಿದಿರಿನ ಚಂದ್ರಿಕೆಗಳನ್ನು ತಾತ ಒಂದೊಂದಾಗಿ ನೀರೊಲೆಗೆ ಹಾಕಿದರು. ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಅದನ್ನೂ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆ.

ಈಗ ನಾನು ಪಿಯುಸಿ. ಗುಡ್ಡಕ್ಕೆ ಉಳಿದಿರುವುದು ಉಗಿಯೋ ಮಗ್ಗುಲೊಂದೇ. ಮೊನ್ನೆ ಯಾರೂ ಇಲ್ಲದಾಗ, ಮಣ್ಣೆಲ್ಲ ಹೋಗಿ ಬಂಡೆ ಎದ್ದ ಬಡಗಲು ಬುಡದಲ್ಲಿ ಒಂದು ಚೊಂಬು ನೀರು ಸುರಿದು ಎಣಿಸಿದೆ. ನೂರು ದಾಟಿದರೂ ನಿಂತೇ ಇತ್ತು. ಸಾವಿರ ಅಂತ ಬುರುಡೆ ಬಿಡಬಹುದಿತ್ತು. ಬಿಡಲಿಲ್ಲ.