ಕಲಿಯದೆ ಪಾಸಾದ ಕಾಶಮ್ಮ

ತರೀಕೆರೆಯ ಅಕ್ಕಿ ಗಿರಣಿಯಲ್ಲಿ ಭತ್ತ ಒಣಗಿಸುವ ಕೂಲಿ ಕಾಶಮ್ಮ. ಅವಳ ಸಿಟ್ಟನ್ನು ಕಂಡು ಜೊತೆಯ ಹೆಂಗಸರು ನಗುತ್ತಿದ್ದರು. ೧೯೮೧ರ ಬೇಸಿಗೆಯ ನಂತರ ಯಾರೂ ನಗಲಿಲ್ಲ.

ಮಗಳು ಮಲ್ಲಿಕಾಂಬಳಿಗೆ ಕೆಮ್ಮು, ಜ್ವರ. ಆಸ್ಪತ್ರೆಯಿಂದ ಎರಡು ಬಾಟಲಿ ತಂದಿದ್ದಳು. ಒಂದು ಕುಡಿಸುವುದು, ಒಂದು ಎದೆಗೆ ತಿಕ್ಕುವುದು. ಎರಡೂ ಒಂದೇ ಬಣ್ಣ. ಯಾವುದು ಏನೆಂದು ಬಾಟಲಿಯ ಮೇಲೆ ದಪ್ಪಕ್ಷರದಲ್ಲೇ ಬರೆದಿತ್ತು. ಓದಲು ಬಾರದ ಕಾಶಮ್ಮ ತಿಕ್ಕುವುದನ್ನು ಕುಡಿಸಿದಳು. ಏಳು ವರ್ಷದ ಹುಡುಗಿ ಹೊಟ್ಟೆ ಹಿಡಿದು ಹೊರಳಾಡಿತು. ಜೀವ ಉಳಿಯಿತು, ಆದರೆ ಹದಿನೈದು ದಿನ ಗಂಜಿ ನುಂಗಲೂ ಅಳುತ್ತಿತ್ತು.

ಮಗು ಚೇತರಿಸಿಕೊಂಡ ಮೇಲೆ ಕಾಶಮ್ಮ ವಯಸ್ಕರ ಶಿಕ್ಷಣದ ಕಚೇರಿಗೆ ಹೋದಳು. ಎರಡು ವರ್ಷದ ಹಿಂದೆ ಅಲ್ಲಿನ ಮೇಲ್ವಿಚಾರಕ ಅವಳ ಕೇರಿಗೆ ಬಂದು, ಶಾಲೆ ತೆರೆಯುತ್ತೇವೆಂದು ಮೂವತ್ತು ಹೆಂಗಸರ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ನಾಲ್ಕು ದಿನ ಪಾಠ ನಡೆದು ನಿಂತುಹೋಗಿತ್ತು.

"ಶಾಲೆ ಮತ್ತೆ ಸುರು ಮಾಡಿ ಸ್ವಾಮಿ" ಎಂದಳು.

ಗುಮಾಸ್ತ ರಿಜಿಸ್ಟರ್ ತಿರುವಿದ. "ನಿಮ್ ಕೇರೀಲಿ ಎಲ್ರೂ ಕಲ್ತಾಯ್ತಲ್ಲಮ್ಮ. ಇಲ್ ನೋಡು, ಕಾಶಮ್ಮ, ಗಂಡ ಈರಪ್ಪ, ಪಾಸು. ಪಾಸಾದೋರಿಗೆ ಇನ್ನೊಂದ್ಸಲ ಶಾಲೆ ಕೊಡಕ್ ಬರಲ್ಲ."

"ಪಕ್ಕದಲ್ಲಿ ಕಪ್ಪಗೈತಲ್ಲ, ಅದೇನು?"

"ನಿನ್ ಹೆಬ್ಬೆಟ್ಟು."

"ಓದು ಬರಹ ಕಲ್ತೋಳು ಯಾಕ್ರೀ ಹೆಬ್ಬೆಟ್ಟು ಒತ್ತಿದ್ಲು?"

ಗುಮಾಸ್ತ ರಿಜಿಸ್ಟರ್ ಮುಚ್ಚಿದ. ಒಳಗಿನಿಂದ ಮೇಲ್ವಿಚಾರಕ ಬಂದ. "ಗಲಾಟೆ ಮಾಡ್ಬೇಡ, ಹೋಗಮ್ಮ."

"ನನ್ ಮಗಳು ಸಾಯ್ತಿದ್ಲು ಕಣಯ್ಯಾ! ನೀನು ಪಾಸು ಅಂತ ಬರ್ಕೊಂಡು ಕೂತಿದ್ದೀಯ!"

ಜವಾನ ರಟ್ಟೆ ಹಿಡಿದು ಅವಳನ್ನು ಹೊರಗೆ ತಳ್ಳಿದ.

ಮರುದಿನ ಅವಳು ಗಿರಣಿಯ ಹಿಂದಿನ ಬೀದಿಯಲ್ಲಿದ್ದ ನಿವೃತ್ತ ಶಿಕ್ಷಕಿ ಅಲಮೇಲು ಅವರ ಬಾಗಿಲಲ್ಲಿ ನಿಂತು, ಓದು ಕಲಿಸಿ ಎಂದಳು. ಬುತ್ತಿ ಬಿಚ್ಚುವ ಹೊತ್ತಿನಲ್ಲಿ ಹನ್ನೆರಡು ಹೆಂಗಸರು ಭತ್ತದ ಕಣದಲ್ಲೇ ಸ್ಲೇಟು ಹಿಡಿದು ಕೂತರು. ಕಾಶಮ್ಮ ಒತ್ತಿ ಒತ್ತಿ ಬರೆಯುತ್ತಿದ್ದಳು.

"ಇಷ್ಟ್ ಸಿಟ್ಟಲ್ಲಿ ಬರೆದ್ರೆ ಬಳಪ ಮುರಿಯುತ್ತೆ ಕಣೇ" ಎಂದರು ಅಲಮೇಲು.

"ಮುರೀಲಿ ಬಿಡಿ ಮೇಡಂ, ಇನ್ನೊಂದ್ ತಗೋತೀನಿ."

ಒಂದು ವರ್ಷದ ಮೇಲೆ ಸುಳ್ಳು ಪಾಸಿನ ಬಗ್ಗೆ ಅವಳೇ ಬರೆದ ಅರ್ಜಿ ಚಿಕ್ಕಮಗಳೂರಿನ ಜಿಲ್ಲಾ ಕಚೇರಿಗೆ ಹೋಯಿತು. ಕೆಳಗೆ ಹನ್ನೆರಡು ಸಹಿ. ನಾಲ್ಕು ತಿಂಗಳಿಗೆ ಬಂದ ಉತ್ತರವನ್ನು ಅವಳು ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದಿದಳು: ಸದರಿ ಮೇಲ್ವಿಚಾರಕರನ್ನು ಕಡೂರಿಗೆ ವರ್ಗ ಮಾಡಲಾಗಿದೆ.

"ಗೆದ್ವಿ ಕಣೇ!" ಎಂದು ಜೊತೆಯಲ್ಲಿ ಕಲಿತ ಮೀನಾಕ್ಷಮ್ಮ ಚಪ್ಪಾಳೆ ತಟ್ಟಿದಳು.

"ಏನ್ ಗೆದ್ದಿದ್ದು? ಕಡೂರಲ್ಲಿ ಹೆಂಗಸ್ರಿಲ್ವೇನ್ರೇ?" ಎಂದಳು ಕಾಶಮ್ಮ.

ಮುಂದಿನ ವಾರ ಕೆಲಸ ಬಿಟ್ಟು ಕಡೂರಿನ ಬಸ್ಸು ಹತ್ತಿದಳು. ಬೋರ್ಡನ್ನು ತಾನೇ ಓದಿಕೊಂಡಳು. ಅಲ್ಲಿನ ಕೇರಿಗಳಲ್ಲಿ ಮನೆಮನೆ ತಿರುಗಿ, "ಪಾಠ ಮುಗಿಯೋವರ್ಗೂ ಯಾರೂ ಹೆಬ್ಬೆಟ್ಟು ಒತ್ಬೇಡಿ" ಎಂದಳು. ಕೆಲವರು ಕೂರಿಸಿ ಕೇಳಿದರು, ಕೆಲವರು ಬಾಗಿಲು ಹಾಕಿಕೊಂಡರು. ಆ ಮೇಲ್ವಿಚಾರಕ ಮಾತ್ರ ಕಡೂರಿನಲ್ಲೇ ಬಡ್ತಿ ಪಡೆದು, ಕೆಲವು ವರ್ಷದ ಮೇಲೆ ಹಾರ ಹಾಕಿಸಿಕೊಂಡು ನಿವೃತ್ತನಾದ. ಅದು ತಿಳಿದ ದಿನ ಕಾಶಮ್ಮ ಊಟ ಮಾಡಲಿಲ್ಲ.