ಪೈಪಿಗೆ ತಾಕದ ಸೆನ್ಸರ್

ಖಾಜಾ ಭಾಯ್, ಅವತ್ತು ಮೇಣದ ಪೈಪು ಕಟ್ಟಿಕೊಂಡದ್ದು ನಿಮ್ಮ ನಿದ್ದೆಯಿಂದಲ್ಲ, ನನ್ನ ಕೈಯಿಂದ. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾದವು — ನಾಚಿಕೆಯಾಗುತ್ತದೆ.

ನೌಬಾದದ ನಮ್ಮ ಕಾರ್ಖಾನೆಯ ಆ ಪೈಪು ನಿಮಗೆ ಗೊತ್ತೇ ಇದೆ. ಒಳಗೆ ಕಾಯಿಸಿದ ಮೇಣ, ಮೈಗೆ ಸುತ್ತಿದ ಹೀಟರ್ ಪಟ್ಟಿ, ಅದರ ಮೇಲೆ ದಪ್ಪ ಹೊದಿಕೆ. ಬಿಸಿ ಅಳೆಯುವ ಸೆನ್ಸರನ್ನು ಪಟ್ಟಿಯಿಂದ ದೂರ, ಪೈಪಿನ ಮೈಗೇ ಕಟ್ಟಬೇಕು. ಅವತ್ತು ರಿಪೇರಿ ಮುಗಿಸಿ, ಔರಾದದ ಬಸ್ಸು ತಪ್ಪೀತೆಂಬ ಅವಸರದಲ್ಲಿ, ಅದನ್ನು ಪಟ್ಟಿಯ ಮೇಲೆಯೇ ಬಿಗಿದುಬಿಟ್ಟೆ. ತಪ್ಪೆಂದು ಗೊತ್ತಿತ್ತು. ನಾಳೆ ಸರಿಮಾಡಿದರಾಯಿತು, ಹೊದಿಕೆ ಬಿಚ್ಚಿ ಯಾರು ನೋಡುತ್ತಾರೆ — ಅಂದುಕೊಂಡೆ. ಒಲೆಯ ಉರಿ ನೋಡಿ ಅನ್ನ ಬೆಂದಿದೆ ಎಂದಂತಾಯಿತು. ಪಟ್ಟಿ ಕಾಯುತ್ತಲೇ ಮೀಟರು ಸಾಕೆಂದಿತು, ಪಟ್ಟಿಗೆ ಹೋಗುವ ಕರೆಂಟು ತಾನಾಗೇ ನಿಂತಿತು. ನಮ್ಮ ಬೀದರಿನ ಚಳಿ ಬೇರೆ. ನಿಮ್ಮ ರಾತ್ರಿ ಪಾಳಿಯುದ್ದಕ್ಕೂ ಮೀಟರು ಎಲ್ಲ ಸರಿಯೆಂದೇ ತೋರಿಸಿತು. ಒಳಗೆ ಮೇಣ ಗಟ್ಟಿಯಾಗುತ್ತ ಹೋಯಿತು.

ಬೆಳಿಗ್ಗೆ ಬಂದಾಗ ಎಲ್ಲರೂ ಮೇಣದ ಟ್ಯಾಂಕಿನ ಹತ್ತಿರ ಗದ್ದಲದಲ್ಲಿದ್ದರು. ನಾನೊಬ್ಬನೇ ಹೊದಿಕೆ ಬಿಚ್ಚಿ, ಸೆನ್ಸರನ್ನು ಅದರ ಜಾಗಕ್ಕೆ ಕಟ್ಟಿ, ಆಮೇಲೆ ಸಾಹೇಬರನ್ನು ಕರೆದು ತೋರಿಸಿದೆ. ಸೆನ್ಸರ್ ಸರಿಯಿದೆ, ಹಾಗಾದರೆ ಪಾಳಿಯವನೇ ಹೀಟರ್ ಆರಿಸಿ ಮಲಗಿರಬೇಕು ಎಂದರು ಅವರು.

ನೀವು ನನ್ನ ಕಡೆ ತಿರುಗಿದಿರಿ. "ಪ್ರಕಾಶ, ಖುದಾನ ಆಣಿ, ನಾ ಮಕ್ಕೊಂಡಿದ್ದಿಲ್ಲ. ಮೀಟರಿಗೇನರ ಆಗಿತ್ತೇನು, ನೀನೇ ಹೇಳು."

"ಮೀಟರ್ ಬರೋಬ್ಬರಿ ಅದ, ಭಾಯ್."

ನೀವು ಅದನ್ನೂ ನಂಬಿದಿರಿ — ನನ್ನ ಮೇಲೆ ಅಷ್ಟು ಭರವಸೆ. ಆ ವಾರವೇ ನಿಮ್ಮ ಕೆಲಸ ಹೋಯಿತು. ಭಾಲ್ಕಿಗೆ ಹೋದ ಮೇಲೂ 'ನಿದ್ದಿ ಖಾಜಾ' ಎಂಬ ಹೆಸರು ಬೆನ್ನು ಬಿಡಲಿಲ್ಲವಂತೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನಿಮ್ಮ ತಮ್ಮ, ನಿಮ್ಮ ಕೈಹಿಡಿದ ಭಾಬಿಯವರೂ ಅದನ್ನೇ ನಂಬಿದ್ದಾರೆ ಎಂದು ಹೇಳಿ ನಕ್ಕ. ನನಗೆ ನಗು ಬರಲಿಲ್ಲ.

ಆಗ ನನ್ನ ಮದುವೆ ಗೊತ್ತಾಗಿತ್ತು, ಕೆಲಸ ಹೋದರೆ — ನೆಪ ಬೇಡ. ನಿಮಗೂ ಸಂಸಾರವಿತ್ತು.

ಇವತ್ತು ಸಾಹೇಬರ ಮುಂದೆ, ಪಾಳಿಯವರೆಲ್ಲ ನಿಂತಿರುವಾಗಲೇ, ಇದಿಷ್ಟನ್ನೂ ಹೇಳಿದೆ. ನನ್ನ ಕೆಲಸ ಉಳಿಯುತ್ತದೋ ಇಲ್ಲವೋ. ಉಳಿಸಿರಿ ಎಂದು ಕೇಳಿಲ್ಲ. ಭಾನುವಾರ ಭಾಲ್ಕಿಗೆ ಬರುತ್ತೇನೆ. ನನ್ನನ್ನು ಬಾಗಿಲಲ್ಲೇ ನಿಲ್ಲಿಸಿರಿ, ಬೈಯಿರಿ, ಆದರೆ ಭಾಬಿಯವರನ್ನು ಹೊರಗೆ ಕರೆಯಿರಿ. ನೀವು ಮಲಗಿರಲಿಲ್ಲ ಎಂದು ಅವರು ನನ್ನ ಬಾಯಿಂದಲೇ ಕೇಳಬೇಕು.