ದಾಸಪ್ಪನ ಗಡ್ಡಕ್ಕೆ ಎಫ್ ಐದು ಪಾಯಿಂಟ್ ಆರು

ಮಾಗಡಿ ಬಸ್ ಸ್ಟ್ಯಾಂಡಿನ ಎದುರು ನಂಜುಂಡಯ್ಯನವರ ಸ್ಟುಡಿಯೋ. ಇಪ್ಪತ್ತಾರು ವರ್ಷ ಅವರು ತೆಗೆದದ್ದು ಹೆಚ್ಚಾಗಿ ಪಾಸ್‌ಪೋರ್ಟ್ ಸೈಜಿನ ಮುಖಗಳನ್ನೇ. ೨೦೦೮ರಲ್ಲಿ ರೀಲ್ ಕ್ಯಾಮೆರಾ ಬದಿಗಿಟ್ಟು ಡಿಜಿಟಲ್ ಕೊಂಡರು. ಮೊದಲ ವಾರವೇ ಸಂಜೆ ಐದರ ಹೊತ್ತಿಗೆ, ಎರಡು ಬಸ್ಸುಗಳ ಸಂದಿಯಿಂದ ಬಂದ ಬಿಸಿಲು ಕಡಲೆಕಾಯಿ ಮಾರುವ ದಾಸಪ್ಪನ ಬಿಳಿ ಗಡ್ಡದ ಮೇಲೆ ಬಿದ್ದದ್ದು ಕಂಡು ಒಂದು ಕ್ಲಿಕ್ ಮಾಡಿದರು.

ಪಕ್ಕದ ಸೈಬರ್ ಸೆಂಟರಿನ ಅನೀಸ್ ಆ ಫೋಟೋವನ್ನು ಫೋಟೋಗ್ರಾಫರುಗಳ ಆನ್‌ಲೈನ್ ಬಳಗವೊಂದಕ್ಕೆ ಹಾಕಿಕೊಟ್ಟ. ಎರಡು ದಿನ ಯಾರೂ ಕೆಮ್ಮಲಿಲ್ಲ. ಮೂರನೆಯ ದಿನ ಒಬ್ಬರು ಬರೆದರು: ‘ಸೆಟ್ಟಿಂಗ್ಸ್ ಹಾಕದೆ ಫೋಟೋ ಹಾಕುವುದು ಬಳಗಕ್ಕೆ ಅವಮಾನ.’

“ಏನಪ್ಪ ಅನೀಸು, ಅಂಗಂದ್ರೆ?”

“ಬೆಳಕು ಎಷ್ಟು ಒಳಗೆ ಬಿಡ್ಬೇಕು ಅನ್ನೋ ಕ್ಯಾಮೆರಾದ ನಂಬರ್ ಅಣ್ಣಾ. ನೀವು ಎಷ್ಟಕ್ಕೆ ಇಟ್ಟಿದ್ರಿ?”

“ನಾನೆಲ್ಲಿ ಇಟ್ಟೆ? ಆಟೋಮ್ಯಾಟಿಕ್‌ನಾಗಿತ್ತು, ಅದೇ ಇಟ್ಕಂತು.”

ಆ ಸತ್ಯವನ್ನು ಬರೆಯುವಷ್ಟು ದಡ್ಡನಲ್ಲ ಅನೀಸ್. ಫೋಟೋದ ಜೊತೆಗೇ ಕ್ಯಾಮೆರಾ ಬರೆದಿಟ್ಟಿದ್ದ ನಂಬರುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ, ಎಫ್ ಐದು ಪಾಯಿಂಟ್ ಆರು, ಸೆಕೆಂಡಿನ ಇನ್ನೂರೈವತ್ತನೇ ಒಂದು ಭಾಗ, ಐಎಸ್‌ಒ ಇನ್ನೂರು ಎಂದು ಹಾಕಿದ. ತಕ್ಷಣ ಫೋಟೋ ಚೆನ್ನಾಗಿಬಿಟ್ಟಿತು! ‘ಎಂಥ ಹಿಡಿತ!’, ‘ಗುರುಗಳೇ!’ ಎಂದು ನಲವತ್ತು ಜನ ಬರೆದರು. ಮುದುಕ ಯಾರೆಂದು ಮಾತ್ರ ಯಾರೂ ಕೇಳಲಿಲ್ಲ. ಅದು ಸೆಟ್ಟಿಂಗ್ಸ್‌ನಲ್ಲಿ ಬರುವುದಿಲ್ಲವಲ್ಲ.

ಬಿಡದಿಗೆ ಕಾರ್ಖಾನೆಗಳು ಬಂದ ಮೇಲೆ ದೊಡ್ಡ ಲೆನ್ಸ್ ಕೊಳ್ಳುವ ಸಂಬಳದವರೂ ಬಂದಿದ್ದರು. ಅವರಲ್ಲಿ ಬಳಗಕ್ಕೆ ಸೇರಿದ ಎಂಟು ಮಂದಿ ಒಂದು ಭಾನುವಾರ ಹನ್ನೊಂದು ಗಂಟೆಗೆ ಎರಡು ಕಾರಿನಲ್ಲಿ ಮಾಗಡಿಗೆ ಬಂದಿಳಿದರು. ಗುರುಗಳಿಗೆ ನಮಸ್ಕರಿಸಿ, ಮೂರು ನಂಬರುಗಳನ್ನೂ ಭಕ್ತಿಯಿಂದ ಹೊಂದಿಸಿಕೊಂಡು, ಗಡ್ಡದ ಮುದುಕನನ್ನು ಹುಡುಕಿದರು.

ಬಂದ ದಾಸಪ್ಪ ಹೊಸ ಪಂಚೆ ಉಟ್ಟಿದ್ದ. ಮೀಸೆಗೆ ಕಪ್ಪು ಬಣ್ಣ. ಕೆನ್ನೆ ನುಣ್ಣಗೆ ಹೊಳೆಯುತ್ತಿತ್ತು.

“ಗಡ್ಡ ಎಲ್ಲಿ?” ಎಂದು ಮುಂದಾಳು ಚೀರಿದ.

“ಪ್ಯಾಟೆಯೋರು ಪಟ ತೆಗೆಯಾಕೆ ಬತ್ತಾವ್ರೆ ಅಂದ್ರು. ಅದ್ಕೇ ಒಸಿ ನೀಟಾಗಿರ್ಲಿ ಅಂತ ತೆಗೆಸ್ಬುಟ್ಟೆ ಸೋಮಿ.”

ಎಂಟು ಮಂದಿಯೂ ಶೋಕದಲ್ಲೇ ಕ್ಲಿಕ್ಕಿಸಿದರು. ನಡುಬಿಸಿಲಿಗೆ ಸಂಜೆಯ ನಂಬರು. ಫೋಟೋದಲ್ಲಿ ದಾಸಪ್ಪ ಸುಣ್ಣ ಬಳಿದ ಗೋಡೆಯಂತಾದ. ಒಬ್ಬ ಲೆನ್ಸನ್ನು ಬೈದ, ಇನ್ನೊಬ್ಬ ಮಾಗಡಿಯ ಬೆಳಕನ್ನು. ಮುಂದಾಳು, “ಎರಡು ತಿಂಗಳು ಬಿಟ್ಟು ಬರ್ತೀವಿ, ಬೆಳೆಸಿಡಿ” ಎಂದು ಅಪ್ಪಣೆ ಕೊಟ್ಟು ಕಾರು ಹತ್ತಿದ.

ದಾಸಪ್ಪನ ಮುಖ ಸಣ್ಣದಾಯಿತು. “ನಾನೇನ್ ತಪ್ಪು ಮಾಡ್ದೆ ನಂಜುಂಡಯ್ಯೋರೆ?”

“ನೀನೇನೂ ಮಾಡ್ನಿಲ್ಲ ಬಾ ದಾಸಣ್ಣ” ಎಂದು ಅವರು ಅವನನ್ನು ಸ್ಟುಡಿಯೋದೊಳಗೆ ಕರೆದು, ನೀಲಿ ಪರದೆಯ ಮುಂದೆ ಕೂರಿಸಿ, ಕಾಲರ್ ಸರಿಮಾಡಿ, ಗಲ್ಲ ಎತ್ತಿಸಿ ಒಂದು ಫೋಟೋ ತೆಗೆದರು. ಬಳಗದವರು ಕಂಡರೆ ಕಣ್ಣು ಮುಚ್ಚಿಕೊಳ್ಳುವಂಥದ್ದು.

ದಾಸಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಮದ್ವೆ ಗಂಡಿನಂಗೆ ಐತಲ್ಲ!” ಎಂದು ಒಂದು ಪ್ರತಿಯನ್ನು ಕನಕಪುರದ ಮಗಳಿಗೆಂದು ಜೇಬಿನಲ್ಲಿಟ್ಟುಕೊಂಡು ತಳ್ಳುಗಾಡಿಯತ್ತ ನಡೆದ.